ಈ ಸಲ ವಿಚಾರಣೆ ಇಲ್ಲ

ಸತ್ಯಭಾಮಕ್ಕ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ನಾಗಪುರದ ಆಫೀಸಿನ ಸುದ್ದಿಯನ್ನು ಮೊದಲು ನಿಮಗೇ ಹೇಳಬೇಕೆನಿಸುತ್ತದೆ. ಇವತ್ತು ನಮ್ಮ ಶಾಖೆಯ ಇನ್ನೊಂದು ಫೈಲು ಸೋರಿ ಪತ್ರಿಕೆಯಲ್ಲಿ ಬಂದಿದೆ. ಈ ಸಲ ರಸ್ತೆ ಟೆಂಡರಿನಲ್ಲಿ ಸಿಕ್ಕಿಬಿದ್ದವರು ವಿರೋಧ ಪಕ್ಷದವರು.

ನಿಮ್ಮ ಸಲ ಆಳುವ ಪಕ್ಷದವರ ಹೆಸರಿತ್ತು. ಅದೇ ದಿನ ನಮ್ಮೆಲ್ಲರ ಫೋನು ಕಸಿದುಕೊಂಡರು, ನಿಮ್ಮ ಊಟದ ಚೀಲವನ್ನೂ ಜಾಲಾಡಿದರು. ಅದಕ್ಕೇ ಇವತ್ತು ಬೆಳಿಗ್ಗೆಯಿಂದ ವಿಚಾರಣೆಯ ಆದೇಶ ಟೈಪ್ ಮಾಡಲು ಕಾದು ಕೂತೆ. ಮೂರು ಗಂಟೆಯಾದರೂ ಯಾರೂ ಕರೆಯಲಿಲ್ಲ. ಕೂರಲಾಗದೆ, ನಮ್ಮ ಕನ್ನಡದವರೇ ಆದ ಶಾಖಾಧಿಕಾರಿ ಬಿರಾದಾರ ಸರ್ ಹತ್ತಿರ ನಾನೇ ಹೋದೆ.

"ಯಾತರ ವಿಚಾರಣೆ, ಕಲಾವತಿ? ಇದು ಜನರಿಗೆ ಗೊತ್ತಾಗಬೇಕಾದ ಸುದ್ದಿ. ಮ್ಯಾಲಿನವರು ಖುಷಿ ಅದಾರ," ಎಂದರು.

"ಸತ್ಯಭಾಮಾ ಮೇಡಂನೂ ಹಂಗ ಹೇಳಿದ್ರಲ್ರೀ ಸರ್. ಅವರ ನೌಕರಿ ಯಾಕ ಹೋತು?"

ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಝೆರಾಕ್ಸ್ ಮಷೀನ್ ಹತ್ರ ಅವರನ್ನ ನೋಡೇನಿ ಅಂತ ಬರೆದುಕೊಟ್ಟಾಕಿ ನೀನೇ ಅಲ್ಲೇನು?"

ಹೌದೆಂದು ತಲೆಯಾಡಿಸಿ ಹೊರಗೆ ಬಂದೆ. ಬಸ್ಸಿಗೆ ಕಾಯಲಾಗದೆ ಮನೆಯವರೆಗೂ ನಡೆದೆ. ಬಂದ ಮೇಲೂ ಒಂದು ಕಡೆ ನಿಲ್ಲಲಾಗುತ್ತಿಲ್ಲ.

ನೀವು ನಾಗಪುರ ಬಿಟ್ಟು ಗದಗಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು, "ನನ್ನ ಹೆಸರು ಹೇಳಿದವರು ಯಾರೋ, ಪಾಪ, ಅವರಿಗೂ ಹೆದರಿಕಿ ಇತ್ತೇನೋ," ಎಂದಿರಿ. ರೈಲು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನೀರಿನ ಬಾಟಲಿ ತರುತ್ತೇನೆಂದು ನಾನು ಎದ್ದು ಹೋದೆ.

ಕಲಾವತಿ