ಕೊನೆಯ ತೊಲೆಯ ಮೇಲಿನ ಹೆಸರು

ಮಿಲ್ವಾಕಿ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ತಂಗಿ ಹೆಡ್ಡಿ,

ಹೇಗಿದ್ದೀಯ? ನಿನ್ನ ಗಂಡ ಆರ್ನೆಯ ಕೆಮ್ಮು ಇಳಿಯಿತೇ? ನಿಮ್ಮ ಮುದಿ ನಾಯಿ ಪಿಕಲ್ಸ್ ಇನ್ನೂ ಮೆಟ್ಟಿಲು ಹತ್ತುತ್ತದೆಯೇ? ಇಲ್ಲಿ ಸೊಸೆ ಮಾರ್ನಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಮೊಮ್ಮಗಳು ಜೋಸಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಾನು ಚೆನ್ನಾಗಿದ್ದೇನೆ. ಶುಕ್ರವಾರ ಚರ್ಚಿನಲ್ಲಿ ಕರಿದ ಮೀನು ತಿಂದೆ. ಉಪ್ಪು ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ನಮ್ಮ ಯೂಜೀನ್ ಮೇ ತಿಂಗಳಲ್ಲಿ ಕೆಲಸ ಮಾಡುತ್ತಾ ಮೇಲಿಂದ ಬಿದ್ದು ತೀರಿಕೊಂಡ ಆ ಆಫೀಸು ಕಟ್ಟಡ ಈಗ ಪೂರ್ತಿ ಎತ್ತರಕ್ಕೆ ಬಂತು. ಮೂವತ್ತೆರಡು ಅಂತಸ್ತು. ನನ್ನ ಅಡುಗೆಮನೆ ಕಿಟಕಿಯಿಂದ ಸರೋವರ ಕಾಣುತ್ತಿತ್ತಲ್ಲ, ಆ ಸಂದಿಯಲ್ಲಿ ಈಗ ಅದೇ ನಿಂತಿದೆ. ಬೆಳಿಗ್ಗೆ ಕಾಫಿ ಹಿಡಿದು ಮಗ ಹೋದ ಜಾಗವನ್ನೇ ನೋಡುತ್ತೇನೆ. ಏನೂ ಅನ್ನಿಸುವುದಿಲ್ಲ. ಕಾಫಿ ಆರಿಹೋಗುತ್ತದೆ.

ಕೊನೆಯ ತೊಲೆ ಏರಿಸುವ ಪದ್ಧತಿ ನಿನಗೆ ನೆನಪಿರಬೇಕು. ಅಪ್ಪ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಉಕ್ಕಿನ ತೊಲೆಗೆ ಬಿಳಿ ಬಳಿದು, ಒಂದು ತುದಿಗೆ ಪುಟ್ಟ ಪೈನ್ ಗಿಡ, ಇನ್ನೊಂದಕ್ಕೆ ಬಾವುಟ ಕಟ್ಟಿ, ಕೆಲಸ ಮಾಡಿದವರೆಲ್ಲ ಹೆಸರು ಬರೆದ ಮೇಲೇ ಕ್ರೇನು ಎತ್ತುವುದು. ಹೋದ ವಾರ ಮೇಸ್ತ್ರಿ ವೆಂಡೆಲ್ ಫೋನ್ ಮಾಡಿ, ನಡುವೆ ಒಂದು ಮೊಳ ಜಾಗ ಬಿಟ್ಟಿದ್ದೀವಿ ಕ್ಯಾಸಣ್ಣ, ಯೂಜೀನ್ ಹೆಸರು ನಿಮ್ ಕೈಯಿಂದ್ಲೇ ಆಗ್ಬೇಕು ಅಂದ.

ಮಂಗಳವಾರ ಹೋದೆ. ಮಾರ್ನಿ, ಜೋಸಿ ಬೇಲಿಯ ಆಚೆ ನಿಂತಿದ್ದರು. ಕೆಲಸದವರು ನನ್ನ ಹಳೇ ಹೆಲ್ಮೆಟ್ ನೋಡಿ, ಏನ್ ತಾತ, ಮ್ಯೂಸಿಯಂನಿಂದ ಎತ್ಕೊಂಡು ಬಂದ್ರಾ ಅಂತ ರೇಗಿಸಿದರು. ನಿಮ್ ಅಪ್ಪಂದಿರಿಗೆ ಬೋಲ್ಟು ಬಿಗಿಯೋದು ಕಲ್ಸಿದ ಹೆಲ್ಮೆಟ್ಟು ಕಣ್ರೋ ಇದು ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಆಮೇಲೆ ವೆಂಡೆಲ್ ಪೆನ್ನು ಕೊಟ್ಟ, ಎಲ್ಲರೂ ಹೆಲ್ಮೆಟ್ ತೆಗೆದು ಎದೆಗೆ ಹಿಡಿದರು. ಬರೆದೆ. ಕ್ರೇನು ಎತ್ತಿತು. ತೊಲೆ ತಲೆಯ ಮೇಲಕ್ಕೆ ಬಂದು ಮೆಲ್ಲಗೆ ತಿರುಗಿದಾಗ ಅಕ್ಷರ ಓದಿದೆ. ಕಸಿಮಿರ್ ಡುಡೆಕ್ ಅಂತಿತ್ತು.

ಮೂವತ್ತೆಂಟು ವರ್ಷ ಪ್ರತಿ ಕೊನೆಯ ತೊಲೆಯ ಮೇಲೂ ಬರೆದ ಹೆಸರು, ಹೆಡ್ಡಿ. ಕೈ ನನ್ನನ್ನು ಕೇಳಲಿಲ್ಲ. ಮಗನಿಗೆಂದು ಬಿಟ್ಟ ಜಾಗದಲ್ಲಿ ನನ್ನ ಹೆಸರು ಕೂತಿದೆ.

ವೆಂಡೆಲ್ ಒಬ್ಬನೇ ನೋಡಿದ್ದ. ಪಕ್ಕಕ್ಕೆ ಕರೆದು, ತಲೆ ಕೆಡಿಸ್ಕೋಬೇಡಿ, ಇಪ್ಪತ್ತೆರಡನೇ ತಾರೀಕಿಗೆ ಬೆಂಕಿ ತಡೆಯೋ ಲೇಪ ಹೊಡೀತಾರೆ, ಆಮೇಲೆ ತೊಲೆ ಕಾಣಲ್ಲ, ಅಷ್ಟರೊಳಗೆ ಲಿಫ್ಟಲ್ಲಿ ಮೇಲೆ ಬಂದು ಬರೆದ್ಬಿಡಿ, ಇಲ್ಲಾಂದ್ರೆ ನಾನೇ ಬರೀಲಾ ಅಂದ. ನೀನು ಬೇಡ, ನಾನೇ ಬರ್ತೀನಿ ಅಂದೆ.

ಮಾರ್ನಿಗೆ ಹೇಳಿಲ್ಲ. ಅವಳು ನಿನ್ನೆಯೂ ಇವತ್ತೂ ಕಾರು ನಿಲ್ಲಿಸಿ ಮಗಳಿಗೆ, ಊರಿಗೆಲ್ಲ ಮೇಲೆ ನಿಮ್ಮಪ್ಪನ ಹೆಸರಿದೆ ನೋಡು ಅಂತ ತೋರಿಸುತ್ತಾಳೆ. ನಿನ್ನೆ ಜೋಸಿ, ತಾತ, ದೊಡ್ಡದಾಗಿ ಬರ್ದಿದ್ದೀಯಾ ತಾನೇ ಅಂತ ಕೇಳಿದಳು. ಹೂಂ ಅಂದೆ.

ನಿನ್ನೆ ಒಂದು ಸಲ, ಇವತ್ತು ಒಂದು ಸಲ ಲಿಫ್ಟಿನ ಬಾಗಿಲ ತನಕ ಹೋಗಿ ವಾಪಸು ಬಂದೆ. ವೆಂಡೆಲ್‌ಗೆ ಮಂಡಿನೋವು ಅಂದೆ. ಮಂಡಿ ಚೆನ್ನಾಗಿದೆ. ಮೂವತ್ತೆರಡಕ್ಕೆ ಹೋಗುವ ದಾರಿಯಲ್ಲಿ ಯೂಜೀನ್ ಬಿದ್ದ ಹತ್ತೊಂಬತ್ತನೆಯ ಅಂತಸ್ತು ಸಿಗುತ್ತದೆ.

ಚಿಕ್ಕವರಿದ್ದಾಗ ಏಣಿ ಹತ್ತಲು ನಾನು ಹೆದರಿದರೆ, ಹತ್ತೋ ಪುಕ್ಕಲ ಅಂತ ಕೆಳಗಿನಿಂದ ಕೂಗುತ್ತಿದ್ದವಳು ನೀನೇ. ಒಂದು ಸಾಲು ಬರೆ.

ನಿನ್ನ ಅಣ್ಣ,
ಕ್ಯಾಸ್

ಮರೆತ ಮಾತು: ಮರೆತದ್ದಲ್ಲ. ಅವನು ಬೀಳುವ ಹಿಂದಿನ ಭಾನುವಾರ ಊಟದ ಮೇಜಿನಲ್ಲಿ ನಾನು, ಏನೋ ಯೂಜೀನ್, ನಾಲ್ಕು ಹೆಜ್ಜೆ ಇಡೋಕೂ ಸೇಫ್ಟಿ ಹಗ್ಗದ ಕೊಕ್ಕೆ ಸಿಗಿಸ್ಕೋತೀರಂತೆ, ಗೂಟಕ್ಕೆ ಕಟ್ಟಿದ ಮೇಕೆ ಥರ, ನಾವು ಏನೂ ಕಟ್ಕೊಳ್ದೆ ಗಾಳಿ ಜೊತೆ ನಡೀತಿದ್ವಿ ಅಂದಿದ್ದೆ. ಅವನು ನಕ್ಕು ಇನ್ನೊಂದಿಷ್ಟು ಆಲೂಗಡ್ಡೆ ಬಡಿಸಿಕೊಂಡ. ಬಿದ್ದಾಗ ಅವನ ಕೊಕ್ಕೆ ಸೊಂಟದಲ್ಲೇ ಇತ್ತಂತೆ, ಎಲ್ಲೂ ಸಿಗಿಸಿರಲಿಲ್ಲವಂತೆ. ಇದನ್ನು ಓದಿದ ಮೇಲೂ ನನಗೆ ಹತ್ತೋ ಪುಕ್ಕಲ ಅನ್ನಬೇಕೆಂದು ನಿನಗೆ ಅನಿಸಿದರೆ ಬರೆ. ಇಪ್ಪತ್ತೆರಡರೊಳಗೆ ಮುಟ್ಟುವ ಹಾಗೆ ಬರೆ.