ಗೇಟು ತೆರೆಯುವ ದೃಶ್ಯ

ನಿರ್ಮಾಪಕರಿಗೆ ನಮಸ್ಕಾರ.

ನೀವು ಗೆದ್ದಿರಿ. ಕೊನೆಯ ದೃಶ್ಯದಲ್ಲಿ ಮುಚ್ಚಿದ ಗಿರಣಿಯ ಗೇಟು ತೆರೆಯಲಿ, ಕೆಲಸಗಾರರೆಲ್ಲ ನಗುತ್ತಾ ಒಳಗೆ ಹೋಗಲಿ. "ಅಳೋರು ಅಳು ನೋಡೋಕೆ ಟಿಕೆಟ್ ತಗೊಳ್ಳಲ್ಲ ಸ್ವಾಮಿ" ಎಂದಿರಿ. ಇಷ್ಟು ವರ್ಷ ಬಡವರ ಸಿನಿಮಾ ಮಾಡಿ ಖಾಲಿ ಕುರ್ಚಿಗಳಿಗೆ ತೋರಿಸಿದವನು ನಾನು. ಎದುರಾಡಲು ಯಾವ ಬಾಯಿ ಇದೆ?

ಒಂದೇ ಕೋರಿಕೆ. ಆ ದೃಶ್ಯವನ್ನು ನಿಜವಾದ ಗಿರಣಿಯ ಮುಂದೆ ತೆಗೆಸಬೇಡಿ, ಸ್ಟುಡಿಯೋದಲ್ಲಿ ಸೆಟ್ ಹಾಕಿಸಿ. ನಮ್ಮ ಚಿತ್ರದಲ್ಲಿ ಗೇಟಿನ ಮುಂದೆ ಕೂತಿರುವ ಅಕ್ಕ ನಟಿಯಲ್ಲ. ಅದೇ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವರು, ಮನೆಯೂ ಎದುರಿಗೇ. ಮೊನ್ನೆ ಬೆಳಕು ನೋಡಲೆಂದು ಕ್ಯಾಮೆರಾಮನ್ ಕಾವಲುಗಾರನಿಗೆ ಹೇಳಿ ಗೇಟು ತೆರೆಸಿದ. ಶೂಟಿಂಗ್ ಇರಲಿಲ್ಲ, ಆಕೆಗೆ ಯಾರೂ ಹೇಳಿಕಳಿಸಿರಲಿಲ್ಲ. ಆದರೂ ತಲೆ ಬಾಚಿಕೊಂಡು, ಊಟದ ಡಬ್ಬಿ ಹಿಡಿದು ಓಡೋಡಿ ಬಂದು ನನ್ನನ್ನು ಕೇಳಿದರು:

"ಲೇಟಾಗೋಯ್ತಾ ಅಣ್ಣಾ? ನನ್ನ ಮೆಷಿನ್ನು ಬೇರೆ ಯಾರಿಗೂ ಕೊಟ್ಟಿಲ್ಲ ತಾನೇ?"

ಇಂಥ ಹೆಂಗಸರಿಗೆ ಪುಟಗಟ್ಟಲೆ ಮಾತು ಬರೆದುಕೊಟ್ಟವನು ನಾನು. ಕ್ಯಾಮೆರಾ ಓಡುತ್ತಿರಲಿಲ್ಲ. ಆದರೂ ನಾನು "ಕಟ್" ಎಂದೆ.

ಇನ್ನು ಮುಂದೆ ಹೇಳಿದಂತೆ ಕೇಳುವ,
ನಿಮ್ಮ ನಿರ್ದೇಶಕ