ನಡುವಿನ ಮೈಕ್

ಸಭಾಂಗಣದ ಹಿಂದಿನ ಕೋಣೆ
ಮಂಗಳವಾರ, ಇಳಿಹೊತ್ತು

ಪ್ರೀತಿಯ ಪೀಪಿ,

ಹೇಗಿದ್ದೀಯ? ಗಂಟಲು ಹೇಗಿದೆ? ನೀರು ನುಂಗುವಾಗ ಇನ್ನೂ ಚುಚ್ಚುತ್ತಿದೆಯೇ? ಡಾಕ್ಟರು ದಿನಾ ಹಬೆ ತೆಗೆದುಕೊಳ್ಳಲು ಹೇಳಿದ್ದರಲ್ಲ, ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ಬಿಸಿನೀರಿನ ಪಾತ್ರೆ ಮುಂದಿಟ್ಟುಕೊಂಡು ಅದು ಆರುವವರೆಗೆ ಕಿಟಕಿಯಾಚೆ ನೋಡುತ್ತ ಕೂತಿರುತ್ತೀಯೋ? ನಿನ್ನನ್ನು ಬಲ್ಲೆ, ಅದಕ್ಕೇ ಕೇಳುತ್ತಿದ್ದೇನೆ. ಆಪರೇಷನ್ ಆದ ಮೇಲೆ ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದು ಒಳ್ಳೆಯದೇ ಆಯಿತು ಎಂದು ಅಮ್ಮನೂ ನಾನೂ ಈಗಲೂ ಮಾತಾಡಿಕೊಳ್ಳುತ್ತೇವೆ. ಗಂಟಲಿಗೆ ವಿಶ್ರಾಂತಿ ಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಮನೆ ಇನ್ನೊಂದಿಲ್ಲ. ಅಲ್ಲಿ ಬೇರೆಯವರು ಬಾಯಿ ತೆರೆಯಲು ಸಂದು ಸಿಕ್ಕಿದರೆ ತಾನೇ! ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಮನೆಯ ಬೆಳ್ಳಿಯೆಲ್ಲ ಚಿಕ್ಕಮ್ಮನಿಗೆ, ಬಂಗಾರವೆಲ್ಲ ನಿನಗೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದಹಾಗೇ ಇದೆ, ಲಿಫ್ಟ್ ಕೆಟ್ಟಹಾಗೇ ಇದೆ, ಎರಡಕ್ಕೂ ಅವಳು ಒಂದೇ ಬೈಗುಳ ಇಟ್ಟುಕೊಂಡಿದ್ದಾಳೆ. ನಿನ್ನ ಹಾಸಿಗೆಯ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ರಾಶಿ ಹಾಕಿದ್ದೆ ಎಂದು ಮೊನ್ನೆ ನನಗೂ ಸರಿಯಾಗಿ ಮಂಗಳಾರತಿಯಾಯಿತು.

ಫೋನ್ ಬಿಟ್ಟು ಇದೇನು ಕಾಗದ ಎಂದುಕೊಳ್ಳಬೇಡ. ಫೋನ್ ಮಾಡಿದರೆ ನೀನು ಮಾತಾಡಬೇಕಾಗುತ್ತದೆ. ಮೆಸೇಜ್ ಹಾಕಿದರೆ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಕಾಗದವಾದರೆ ಕೊನೆಯವರೆಗೆ ಓದದೆ ವಿಧಿಯಿಲ್ಲ, ನಡುವೆ ಬಾಯಿ ಹಾಕಲೂ ಆಗುವುದಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ನನ್ನ ಮಾತಿಗೆ ಅಡ್ಡ ಬಾಯಿ ಹಾಕಿದವಳು ನೀನು. ನೀನು ಅತ್ತರೆ ನಾಲ್ಕು ಮಹಡಿ ಕೆಳಗಿನವರೂ ಎದ್ದು ಕೂರುತ್ತಿದ್ದರು, ಅದಕ್ಕೇ ತಾನೆ ನಾನು ಪೀಪಿ ಎಂದು ಹೆಸರಿಟ್ಟದ್ದು. ಇವತ್ತೊಂದು ದಿನ ನಾನು ಹೇಳುವುದನ್ನು ಪೂರ್ತಿ ಕೇಳು. ಸೌಂಡ್‌ಚೆಕ್ ಈಗಷ್ಟೇ ಮುಗಿದಿದೆ, ಜನ ಬರಲು ಇನ್ನೂ ಹೊತ್ತಿದೆ. ಡ್ರಮ್ಮಿನ ಗುಡುಗು ಪಕ್ಕದ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ, ಅದರಲ್ಲೂ ತಾಳ ತಪ್ಪುವುದಿಲ್ಲ ಮಹಾರಾಯ. ಕೀಬೋರ್ಡಿನ ಮೇಷ್ಟ್ರು ತಮ್ಮ ಶಾಲೆಯ ಗಣಿತದ ಉತ್ತರಪತ್ರಿಕೆ ಹರಡಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದಾರೆ.

ಸೌಂಡ್‌ಚೆಕ್ ವಿಷಯವನ್ನೇ ಬರೆಯಬೇಕೆಂದು ಕೂತೆ. ಇಷ್ಟು ವರ್ಷ ಒಟ್ಟಿಗೆ ಊರೂರು ಸುತ್ತಿದರೂ ನೀನು ಅದರ ಮೊದಲ ಭಾಗವನ್ನು ಒಮ್ಮೆಯೂ ನೋಡಿಲ್ಲ. ಮೊದಲು ಡ್ರಮ್, ಆಮೇಲೆ ನನ್ನ ಬೇಸ್ ಗಿಟಾರ್, ಆಮೇಲೆ ಕೀಬೋರ್ಡ್, ಕೊನೆಗೆ ತಾನೇ ರಾಣಿಯ ಸವಾರಿ? ಅಲ್ಲಿಯವರೆಗೆ ನೀನು ಹೊರಗೆ ಚಹಾ ಹೀರುತ್ತ ನಿಂತಿರುತ್ತಿದ್ದೆ. ಒಳಗೆ ಏನಾಗುತ್ತದೆ ಗೊತ್ತೇ? ಹಾಲ್‌ನ ಆ ತುದಿಯಲ್ಲಿ ಸೌಂಡಿನವನು ತನ್ನ ಗುಂಡಿಗಳ ಹಿಂದೆ ಕೂತಿರುತ್ತಾನೆ. ಗುಡುಗು ಒಂದೇ ಡ್ರಮ್ಮನ್ನು ದುಬ್ ದುಬ್ ಎಂದು ಹೊಡೆಯುತ್ತಲೇ ಇರಬೇಕು, ಅವನು "ಇನ್ನೊಂದ್ಸಲ, ಇನ್ನೊಂದ್ಸಲ" ಎನ್ನುತ್ತಲೇ ಇರುತ್ತಾನೆ. ಕೊನೆಗೆ, "ಬೇಸ್, ಏನಾದ್ರೂ ನುಡಿಸಿ" ಎನ್ನುತ್ತಾನೆ. ಈ 'ಏನಾದ್ರೂ' ಇದೆಯಲ್ಲ, ಅದೇ ಕಷ್ಟ. ಇವತ್ತೇನು ಅಡುಗೆ ಮಾಡಲಿ ಎಂದು ಅಮ್ಮ ಕೇಳಿದಾಗ ನಾವು ಏನಾದ್ರೂ ಮಾಡು ಎಂದರೆ ಅವಳಿಗೆ ಎಷ್ಟು ಸಿಟ್ಟು ಬರುತ್ತದೆಂದು ನನಗೀಗ ಅರ್ಥವಾಗಿದೆ.

ಬೇಸ್ ನುಡಿಸುವ ಒಬ್ಬೊಬ್ಬರದೂ ಒಂದೊಂದು ಚಾಳಿ. ನಮ್ಮ ಜೊತೆ ಆಗಾಗ ವೇದಿಕೆ ಹಂಚಿಕೊಳ್ಳುವ ಗಡ್ಡದವನನ್ನು ನೋಡಿದ್ದೀಯಲ್ಲ, ಅವನು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದುಬಿಡುತ್ತಾನೆ. ಸೌಂಡಿನವನಿಗೆ ಬೇಕಾಗಿರುವುದು ಒಂದು ಕೆಳಗಿನ ಸ್ವರ, ಒಂದು ಮೇಲಿನ ಸ್ವರ, ಅಷ್ಟೆ. ಇವನೋ ಖಾಲಿ ಕುರ್ಚಿಗಳಿಂದ ಚಪ್ಪಾಳೆ ಗಿಟ್ಟಿಸಲು ನಿಂತಿರುತ್ತಾನೆ. ಇನ್ನೊಬ್ಬ ಸಂಕೋಚದ ಮನುಷ್ಯ ಇದ್ದಾನೆ, ತನ್ನ ಬೂಟು ನೋಡಿಕೊಂಡು ಒಂದೇ ತಂತಿಯನ್ನು ಮೀಟುತ್ತಿರುತ್ತಾನೆ, ಸಾಕು ಎಂದರೂ ನಿಲ್ಲಿಸುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಹೋದ ವಾರ ಸಿಕ್ಕ ಒಬ್ಬ ಹಿರಿಯ ಹೆಂಗಸು. ತಲೆಯೆಲ್ಲ ಬೆಳ್ಳಗಾಗಿದೆ, ಕುರ್ಚಿ ಹಾಕಿಸಿಕೊಂಡು ಕೂತು ಮೊಮ್ಮಕ್ಕಳನ್ನು ತಟ್ಟಿ ಮಲಗಿಸುವ ಒಂದು ರಾಗ ನುಡಿಸಿದರು. ಯಾಕೆ ಇದೇ ಎಂದು ಕೇಳಿದೆ. "ಕಛೇರೀಲಿ ಜನ ಕೇಳಿದ್ದನ್ನ ನುಡಿಸ್ತೀನಪ್ಪ, ಇದೊಂದು ಗಳಿಗೆ ನಂದು" ಎಂದರು. ಆ ಮಾತು ನನ್ನೊಳಗೆ ಕೂತುಬಿಟ್ಟಿದೆ.

ನನ್ನ ಗಳಿಗೆಯಲ್ಲಿ ನಾನು ನುಡಿಸುವುದು ನಮ್ಮ ಮೆಟ್ಟಿಲ ಹಾಡನ್ನು. ಕಛೇರಿಯಲ್ಲಿ ನುಡಿಸುವ ಹಾಡನ್ನು ಖಾಲಿ ಕುರ್ಚಿಗೆ ಕೇಳಿಸಬಾರದು, ಅದರ ರುಚಿ ಹೋಗುತ್ತದೆ ಎಂಬ ಗುಡುಗಿನ ನಂಬಿಕೆ ನಿನಗೆ ಗೊತ್ತೇ ಇದೆ. ನೀನು ಹೋದ ಮೇಲೆ ಆ ಹಾಡನ್ನು ನಾವು ಕಛೇರಿಯಲ್ಲಿ ಹಾಡುತ್ತಿಲ್ಲ. ಬೇರೆ ಹಾಡುಗಳನ್ನು ಮೇಷ್ಟ್ರು ಹೇಗೋ ಹಾಡಿ ದಡ ಮುಟ್ಟಿಸುತ್ತಾರೆ, ಪಾಪ. ಇದನ್ನು ಜನ ಕೂಗಿ ಕೇಳಿದರೂ ತಲೆ ತಗ್ಗಿಸಿ ಮುಂದಿನದಕ್ಕೆ ಹೋಗುತ್ತೇವೆ. ಹಾಗಾಗಿ ಅದು ಸೌಂಡ್‌ಚೆಕ್ಕಿಗೆ ಬಂದು ಕೂತಿದೆ. ಮೊದಲು ನಾನೊಬ್ಬನೇ ಶುರು ಮಾಡಿದೆ, ಆಮೇಲೆ ಗುಡುಗು ಸೇರಿಕೊಂಡ, ಆಮೇಲೆ ಮೇಷ್ಟ್ರು. ಯಾರೂ ಯಾರಿಗೂ ಹೇಳಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ, ನನಗೆ ಅದಕ್ಕಿಂತ ಒಳ್ಳೆಯ ಹಾಡು ಗೊತ್ತಿಲ್ಲ. ಲಿಫ್ಟ್ ಕೆಟ್ಟಾಗಲೆಲ್ಲ ಸ್ಕೂಲ್ ಬ್ಯಾಗ್ ಹೊತ್ತು ಹತ್ತುತ್ತ ನೀನು ಹಾಡುತ್ತಿದ್ದದ್ದನ್ನೇ ತಾನೇ ನಾವು ಹಾಡು ಮಾಡಿದ್ದು? ಬಾಗಿಲಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ನಾನು, ಕೆಳಗಿನ ತಿರುವಿನಲ್ಲಿ ನಿಂತು ನೀನು, ಪೊರಕೆಯ ಹಿಡಿಯಿಂದ ಸೂರು ಬಡಿಯುತ್ತ ಕೆಳಗಿನ ಮನೆಯಾಕೆ. ಆ ಬಡಿತ ಚೆನ್ನಾಗಿದೆ ಎಂದು ಅದನ್ನೂ ಡ್ರಮ್ಮಿಗೆ ಸೇರಿಸಿಕೊಂಡೆವು. ಹಾಡಿನ ನಡುವೆ ನಾವೆಲ್ಲ ನಿಲ್ಲುವ ಜಾಗವಿದೆಯಲ್ಲ, ವಾದ್ಯಗಳೆಲ್ಲ ಸುಮ್ಮನಾಗಿ ನೀನೊಬ್ಬಳೇ "ಇನ್ನೊಂದು ಮಹಡಿ, ಇನ್ನೊಂದೇ ಮಹಡಿ, ದೀಪ ಹಾಕಿಟ್ಟಿದ್ದಾರೆ" ಎಂದು ಹಾಡುವ ಜಾಗ, ಅಲ್ಲಿ ಈಗಲೂ ನಿಲ್ಲುತ್ತೇವೆ. ಗುಡುಗಿನ ತುಟಿ ಅಲ್ಲಾಡುತ್ತಿರುತ್ತದೆ. ಮೇಷ್ಟ್ರು ಕಣ್ಣು ಮುಚ್ಚಿರುತ್ತಾರೆ. 'ದಾರೆ' ಎಂದು ನೀನು ಬಿಡುತ್ತಿದ್ದ ಕಡೆಗೆ ಸರಿಯಾಗಿ ಮೂವರೂ ಒಟ್ಟಿಗೆ ಶುರುಮಾಡುತ್ತೇವೆ. ಒಂದು ದಿನವೂ ತಪ್ಪಿಲ್ಲ.

ಇವತ್ತು ಆದದ್ದು ಕೇಳು. ಈ ಹಾಲ್‌ನ ಸೌಂಡಿನವರು ನಮಗೆ ಹೊಸಬರು, ವಯಸ್ಸಾದವರು, ಕೆಲಸದಲ್ಲಿ ಬಹಳ ಶ್ರದ್ಧೆ. ವೇದಿಕೆಯ ದೀಪ ಅವರ ಕಣ್ಣಿಗೇ ಹೊಡೆಯುತ್ತಿತ್ತು, ಯಾರು ಎಲ್ಲಿ ನಿಂತಿದ್ದಾರೆಂದು ಅವರಿಗೆ ಕಾಣುತ್ತಿರಲಿಲ್ಲ. ಹಾಡು ನುಡಿಸಿದೆವು, ನಿಂತೆವು, ಮತ್ತೆ ಶುರು ಮಾಡಿದೆವು. "ನಿಲ್ಸಿ, ನಿಲ್ಸಿ! ನಡುವಿನ ಮೈಕ್ ಸತ್ತಿದೆ!" ಎಂದು ಅವರು ಅಲ್ಲಿಂದಲೇ ಕೂಗಿದರು. ನಡುವಿನ ಮೈಕ್ ಎಂದರೆ ನಿನ್ನದು. ಅದನ್ನು ಈಗಲೂ ಮೊದಲಿನಂತೆ ನಡುವೆಯೇ ನಿಲ್ಲಿಸುತ್ತೇವೆ. ಬೇಡವೆಂದು ನಾನು ಹೇಳಿಲ್ಲ, ಬೇಕೆಂದು ಗುಡುಗೂ ಹೇಳಿಲ್ಲ, ಅವನು ಹೊತ್ತು ತರುತ್ತಾನೆ, ನಾನು ವೈರ್ ಎಳೆಯುತ್ತೇನೆ. ಪುಣ್ಯಾತ್ಮರು ಓಡಿ ಬಂದು ವೈರ್ ಬದಲಾಯಿಸಿದರು. ಮತ್ತೆ ನುಡಿಸಿದೆವು, ಮತ್ತೆ ನಿಂತೆವು, ಮತ್ತೆ ನಿಶ್ಶಬ್ದ. ಮೈಕನ್ನೇ ಬದಲಾಯಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ ನನ್ನ ಬೇಸಿನ ವೈರನ್ನೂ ಕಿತ್ತು ಹಾಕಿದರು. "ನಿಮ್ಮ ದಪ್ಪ ತಂತಿ ಸಡಿಲ ಬಿಟ್ಟಿದ್ದೀರ, ಗರಗರ ಅಂತಿದೆ, ಬಿಗಿ ಮಾಡ್ಕೊಳ್ಳಿ" ಎಂದು ನನಗೊಂದು ಬುದ್ಧಿಮಾತು ಬೇರೆ. ಇರಲಿ ಬಿಡಿ ಸರ್ ಎಂದೆ. ಆ ತಂತಿಯ ವಿಷಯ ಆಮೇಲೆ ಹೇಳುತ್ತೇನೆ.

ಅಲ್ಲಿ ಹಾಡುವವರೇ ಇಲ್ಲ ಎಂದು ಮೂವರಲ್ಲಿ ಒಬ್ಬನಾದರೂ ಹೇಳಬೇಡವೇ? ನಮಗೆ ಹೊಳೆಯಲೇ ಇಲ್ಲ ಕಣೇ. ಅವರು ವೈರ್ ಬದಲಾಯಿಸಿದಾಗ ನಾವೂ ಈ ಸಲ ನಿನ್ನ ದನಿ ಕೇಳಿಸಬಹುದು ಎಂಬಂತೆ ನಿಂತು ಕಾದೆವು. ಕೊನೆಗೆ ಅವರು ಬೆವರು ಒರೆಸಿಕೊಳ್ಳುತ್ತ ವೇದಿಕೆ ಹತ್ತಿ ಬಂದು, ಮೈಕಿನ ಹಿಂದೆ ನೋಡಿ, "ಹಾಡೋರೆಲ್ಲಿ?" ಎಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಗುಡುಗು, ಊರಿಗೆಲ್ಲ ಕೇಳುವಂತೆ ಮಾತಾಡುವ ಆ ಗುಡುಗು, ಮೆಲ್ಲಗೆ, "ತಂಗಿ ಜಾಗ ಸರ್ ಅದು. ಹುಷಾರಿಲ್ಲ, ಬರ್ತಾಳೆ" ಎಂದ. ಅವರು ನಗುತ್ತಾರೆಂದುಕೊಂಡೆ, ಬೈಯುತ್ತಾರೆಂದುಕೊಂಡೆ. ಎರಡೂ ಮಾಡಲಿಲ್ಲ. ಬದಲಾಯಿಸಿದ ಹೊಸ ಮೈಕನ್ನು ಹಾಗೆಯೇ ಬಿಟ್ಟು, "ಇದು ನಮ್ಮಲ್ಲಿರೋದ್ರಲ್ಲಿ ಒಳ್ಳೇದು, ಇರ್ಲಿ" ಎಂದು ಹೇಳಿ ಹೋದರು. ನನಗೆ ಕಣ್ಣು ತುಂಬಿ ಬಂತು. ತಂತಿ ಬಿಗಿ ಮಾಡುವ ನೆಪದಲ್ಲಿ ತಲೆ ಬಗ್ಗಿಸಿದೆ.

ಈಗ ಕಷ್ಟದ ವಿಷಯ. ನಮ್ಮ ಕಾರ್ಯಕ್ರಮ ಗೊತ್ತುಮಾಡುವವರು ಹೊಸ ಗಾಯಕಿಯನ್ನು ನೋಡಿದ್ದಾರೆ. ಹುಡುಗಿ ಬಂದು ಹಾಡಿ ತೋರಿಸಿದಳು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಹಾಡುತ್ತಾಳೆ, ಹೊತ್ತಿಗೆ ಮುಂಚೆ ಬರುತ್ತಾಳೆ, ಚಹಾಕ್ಕೆ ಓಡುವುದಿಲ್ಲ. ನಾವು ಮೆಟ್ಟಿಲ ಹಾಡು ನುಡಿಸುತ್ತಿದ್ದದ್ದನ್ನು ಕೇಳಿ, "ಇದನ್ನೂ ಕಲೀಲಾ?" ಎಂದು ಕೇಳಿದಳು. "ಅದು ಬರೀ ವೈರ್ ಪರೀಕ್ಷೆಗೆ ಕಣಮ್ಮ" ಎಂದ ಗುಡುಗು. ಆದರೆ ಅವಳನ್ನು ಎಷ್ಟು ದಿನ ತೂಗುಯ್ಯಾಲೆಯಲ್ಲಿಡುವುದು? ಶನಿವಾರ ಸಂಜೆ ಹೌದು ಅಥವಾ ಇಲ್ಲ ಹೇಳಬೇಕು. ಹೇಳಬೇಕಾದವನು ನಾನು. ಹೌದೆಂದರೆ ನಡುವಿನ ಮೈಕ್ ಅವಳದು, ಅದು ನ್ಯಾಯವೂ ಹೌದು.

ನೀನು ಆಸ್ಪತ್ರೆಯಿಂದ ಬಂದ ಮೇಲೆ ಕಳಿಸಿದ ಒಂದೇ ಒಂದು ಉದ್ದದ ಮೆಸೇಜ್ ನನ್ನ ಬಳಿ ಇದೆ. "ಬೇರೆಯವರನ್ನ ನೋಡ್ಕೊ ಅಣ್ಣ. ಡಾಕ್ಟರು ಹಾಡಬಹುದು ಅಂತಾರೆ, ಆದ್ರೆ ಇದು ನನ್ನ ದನಿ ಅಲ್ಲ." ಪೀಪಿ, ನಿನ್ನ ದನಿ ನಿನಗಿಂತ ಹೆಚ್ಚು ಹೊತ್ತು ಕೇಳಿದವನು ನಾನು. ನೀನು ಹಾಡುವಾಗ ಮುಂದೆ ನೋಡುತ್ತಿದ್ದೆ, ನಾನು ಪಕ್ಕದಲ್ಲಿ ನಿಂತು ನೀನು ಉಸಿರೆಳೆಯುವುದನ್ನು ನೋಡುತ್ತಿದ್ದೆ. ಆ ಉಸಿರು ನೋಡಿಯೇ ನನ್ನ ಕೈ ತಂತಿಯ ಮೇಲೆ ಬೀಳುತ್ತಿದ್ದದ್ದು. ಅದಿಲ್ಲದೆ ನನಗೆ ನುಡಿಸಲು ಬರುತ್ತದೆ, ಖುಷಿಯಾಗುವುದಿಲ್ಲ. ನಿನ್ನ ಮೇಲೆ ಭಾರ ಹೊರಿಸಲು ಇದನ್ನು ಬರೆಯುತ್ತಿಲ್ಲ. ಹಾಡುವುದೇ ಬೇಡ ಎನಿಸಿದರೆ ಬೇಡ, ನೀನು ನನ್ನ ತಂಗಿಯಾದದ್ದು ಹಾಡಿಗಾಗಿ ಅಲ್ಲವಲ್ಲ. ನಿನ್ನ ನೆನಪು ಬಹಳ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಹೊರಗೆ ಬಾಗಿಲು ತೆಗೆಯುತ್ತಿದ್ದಾರೆ, ಗುಡುಗನ್ನು ಎಬ್ಬಿಸಬೇಕು. ಬೆಚ್ಚಗಿರು, ಐಸ್‌ಕ್ರೀಮ್ ಕಡೆ ತಲೆ ಹಾಕಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಹೇಳಲು ಸಂದು ಸಿಗದಿದ್ದರೆ ಕೈಮುಗಿದು ತೋರಿಸು. ಅಮ್ಮನ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ, ನನ್ನದೂ ಒಂದಿಷ್ಟು ಸೇರಿಸಿಕೊ.

ನಿನ್ನ ಮಾತಿಗೆ ಯಾವತ್ತೂ ಸೋಲುವ,
ಅಣ್ಣ

ತಾ.ಕ.: ತಂತಿಯ ವಿಷಯ ಮರೆತೇಬಿಡುತ್ತಿದ್ದೆ. ಚಿಕ್ಕಮ್ಮನ ಮೇಲೆ ಸಿಟ್ಟಾಗಬೇಡ. ಹೋದ ತಿಂಗಳು ನೀನು ಬಟ್ಟೆ ಮಡಿಸುತ್ತ ಗುನುಗುತ್ತಿದ್ದಾಗ ಅವಳು ಬಾಗಿಲ ಮರೆಯಲ್ಲಿ ಫೋನ್ ಹಿಡಿದು ನನಗೆ ಕೇಳಿಸಿದಳು. ಹಾಡು ಮುಗಿಯುವವರೆಗೆ ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲ ಎಂದರೆ ನೀನೇ ಲೆಕ್ಕ ಹಾಕು! ಅದು ಮೆಟ್ಟಿಲ ಹಾಡು. ಅದು ನಿನ್ನದೇ ದನಿ, ಮೊದಲಿಗಿಂತ ಕೆಳಗೆ ಕೂತಿದೆ, ಅಷ್ಟೆ. ಅವತ್ತೇ ನನ್ನ ದಪ್ಪ ತಂತಿಯನ್ನು ಸಡಿಲಿಸಿ ಆ ದನಿಯವರೆಗೆ ಇಳಿಸಿದೆ. ಅಂದಿನಿಂದ ಎಲ್ಲ ಸೌಂಡ್‌ಚೆಕ್‌ಗಳಲ್ಲೂ ಮೂವರೂ ಆ ಹಾಡನ್ನು ನಿನ್ನ ಈಗಿನ ದನಿಗೇ ನುಡಿಸಿ ರೂಢಿ ಮಾಡಿಕೊಂಡಿದ್ದೇವೆ. ಶನಿವಾರ ನಮ್ಮ ಕಾರ್ಯಕ್ರಮ ಇರುವುದು ನಿನ್ನ ಊರಿನಲ್ಲೇ, ಚಿಕ್ಕಮ್ಮನ ಮನೆಯಿಂದ ಎರಡು ಬೀದಿ ಆಚೆಯ ಹಾಲ್‌ನಲ್ಲಿ. ಕಛೇರಿಗೆ ಬಾ ಎನ್ನುತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಸೌಂಡ್‌ಚೆಕ್ಕಿಗೆ ಬಾ, ಇರುವುದು ಖಾಲಿ ಕುರ್ಚಿಗಳು ಮಾತ್ರ, ದನಿ ಒಡೆದರೆ ವೈರ್ ಸರಿಯಿಲ್ಲ ಎಂದುಬಿಡೋಣ. ಹಿಂದಿನ ಬಾಗಿಲು ತೆರೆದಿರುತ್ತದೆ. ನಿನ್ನ ಸಾಲು ಬಂದಾಗ ನಾವು ನಿಲ್ಲುತ್ತೇವೆ. ಇಷ್ಟು ದಿನ ನೀನಿಲ್ಲದೆ ಮುಂದಕ್ಕೆ ಹೋದೆವು, ಶನಿವಾರ ಹೋಗುವುದಿಲ್ಲ. ಎಷ್ಟು ಹೊತ್ತಾದರೂ ಆಗಲಿ, ನೀನು ಹಾಡಿ ಮುಗಿಸುವವರೆಗೆ ಮೂವರೂ ವಾದ್ಯ ಮುಟ್ಟುವುದಿಲ್ಲ.